ಕಬ್ಬಾಳಿನ ಕಲ್ಲು, ತೋನ್ಸೆಪಾರಿನ ಕಲ್ಲು

ಐದನೇ ಸೆಮಿಸ್ಟರ್ ಪರೀಕ್ಷೆ ಮುಗಿದ ಮಾರನೇ ದಿನ ನಾವು ಐದು ಜನ ಕಬ್ಬಾಳಿನಲ್ಲಿದ್ದೆವು. ನಮ್ಮಲ್ಲೊಬ್ಬನ ಊರು ಅದು. ಕನಕಪುರ ತಾಲ್ಲೂಕಿನವರಿಗೆ ಕಬ್ಬಾಳಮ್ಮನನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ. ಉಳಿದವರಿಗೆ ಹೇಳೋದಾದ್ರೆ, ಕೆಳಗೆ ಅಮ್ಮನ ಗುಡಿ, ಹಿಂದೆ ಒಂಟಿಯಾಗಿ ಎದ್ದು ನಿಂತ ಕಬ್ಬಾಳದುರ್ಗ. ಹೈದರ್, ಟಿಪ್ಪು ಕಾಲದಲ್ಲಿ ಈ ಬೆಟ್ಟದ ಮೇಲೆ ಕೈದಿಗಳನ್ನು ಇಡುತ್ತಿದ್ದರಂತೆ. ಆ ಕಡಿದಾದ ಬಂಡೆಯನ್ನು ನೋಡಿದರೆ ಜೈಲಿಗೆ ಇದನ್ನೇ ಯಾಕೆ ಆರಿಸಿಕೊಂಡರು ಅಂತ ಯಾರೂ ಬಿಡಿಸಿ ಹೇಳಬೇಕಿಲ್ಲ.

ಆವತ್ತು ರಾತ್ರಿಯೇ ಬೆಂಗಳೂರಿಂದ ಉಡುಪಿಗೆ ಬಸ್ಸು. ಮುದ್ದೆ ಊಟ ಮಾಡ್ತಾ ಗೆಳೆಯನ ಅಜ್ಜಿಗೆ ನಮ್ಮ ಪ್ಲಾನ್ ಹೇಳಿದೆವು: ಮಲ್ಪೆಗೆ ಹೋಗ್ತೀವಿ, ಅಲ್ಲಿಂದ ಸಮುದ್ರದೊಳಗೆ ಒಂದು ದ್ವೀಪ ಇದೆ, ಅಲ್ಲಿ ಕಂಬದ ಥರ ಕಲ್ಲುಗಳಿವೆ, ಅದನ್ನ ನೋಡಬೇಕು.

ಅಜ್ಜಿ ಸಾರು ಬಡಿಸೋದನ್ನು ನಿಲ್ಲಿಸಿ ಕೇಳಿದರು: "ಅಷ್ಟು ದೂರ ಕಲ್ಲು ನೋಡಕ್ಕೆ ಹೋಯ್ತೀರೇನ್ರಪ್ಪಾ? ಇಲ್ಲಿರೋದು ಕಲ್ಲಲ್ವಾ?"

ನಾವು ನಕ್ಕೆವು. ಆದರೆ ಆ ಪ್ರಶ್ನೆ ಮಲ್ಪೆಗೆ ಹೋಗಿ ವಾಪಸ್ ಬರೋವರೆಗೂ ನಮ್ಮ ಜೊತೆಗೇ ಇತ್ತು. ಈ ಲೇಖನ ಅದಕ್ಕೆ ನಾವು ತಡವಾಗಿ ಕೊಡುತ್ತಿರುವ ಉತ್ತರ.

ಬೆಳಗಿನ ಬಂದರು

ಉಡುಪಿಯಿಂದ ಮಲ್ಪೆಗೆ ಆರೇ ಕಿಲೋಮೀಟರ್, ಸಿಟಿ ಬಸ್ಸಿದೆ. ದ್ವೀಪಕ್ಕೆ ಹೋಗೋ ಬೋಟು ಶುರುವಾಗೋದು ಸ್ವಲ್ಪ ತಡವಾಗಿ. ಹಾಗಾಗಿ ಬೆಳಗ್ಗೆ ಬೇಗ ಬಂದವರು ಮೊದಲು ಮೀನುಗಾರಿಕಾ ಬಂದರಿಗೆ ಹೋಗಿ. ಉದ್ಯಾವರ ಹೊಳೆ ಸಮುದ್ರ ಸೇರುವ ಅಳಿವೆಯ ಒಳಗಡೆ ಇದೆ ಅದು. ಅಲೆಯ ನೇರ ಹೊಡೆತ ಇಲ್ಲಿಗೆ ತಾಗಲ್ಲ. ಬಂದರು ಇಲ್ಲಿ ಬೆಳೆದಿದ್ದೇ ಅದಕ್ಕೆ.

ಬೋಟುಗಳು ಒಂದಕ್ಕೊಂದು ಅಂಟಿಕೊಂಡು ಸಾಲುಸಾಲಾಗಿ ನಿಂತಿರುತ್ತವೆ. ಒಂದು ಕಡೆ ಬುಟ್ಟಿಗಟ್ಟಲೆ ಬಂಗುಡೆ, ಬೂತಾಯಿ ಇಳಿಯುತ್ತಿದ್ದರೆ ಇನ್ನೊಂದು ಕಡೆ ಮಂಜುಗಡ್ಡೆ ಪುಡಿ ಮಾಡಿ ಬೋಟಿನ ಹೊಟ್ಟೆಗೆ ತುಂಬುತ್ತಿರುತ್ತಾರೆ. ಮಧ್ಯೆ ಏಲಂ ಕೂಗುವವರು, ಮೀನು ಕೊಳ್ಳಲು ಬಂದ ಹೆಂಗಸರು. ಕ್ಯಾಮೆರಾ ಹಿಡಿದು ದಾರಿಗೆ ಅಡ್ಡ ನಿಂತರೆ ಬೈಸಿಕೊಳ್ಳುತ್ತೀರಿ. ನಾವೂ ಬೈಸಿಕೊಂಡೆವು, ತುಳುವಿನಲ್ಲಿ. ಹಾಗಾಗಿ ಪೂರ್ತಿ ಅರ್ಥವಾಗಲಿಲ್ಲ.

ಆಳಸಮುದ್ರದ ಬೋಟುಗಳು ಒಮ್ಮೆ ಹೊರಟರೆ ಎಂಟು ಹತ್ತು ದಿನ ಬರೋದಿಲ್ಲ. ಬೋಟಿನ ಯಜಮಾನಿಕೆ ತಂಡೇಲನದು, ಉಳಿದವರು ಕಲಾಸಿಗಳು. ಜೂನ್ 1ರಿಂದ ಜುಲೈ 31ರವರೆಗೆ, ಅಂದ್ರೆ 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಮೀನು ಮರಿ ಮಾಡೋ ಕಾಲ ಅದು; ಕಡಲು ಕೆರಳೋ ಕಾಲವೂ ಅದೇ. ನಿಷೇಧ ಮುಗಿದ ಮೇಲೆ, ಆಗಸ್ಟಿನಲ್ಲಿ, ಇಲ್ಲಿನ ಮೊಗವೀರರು ವಡಭಾಂಡೇಶ್ವರದ ಕಡಲ ತೀರದಲ್ಲಿ ಸಮುದ್ರಪೂಜೆ ಮಾಡಿ ಮತ್ತೆ ಬಲೆ ಹಾಕುತ್ತಾರೆ. ಮಧ್ವಾಚಾರ್ಯರಿಗೆ ದ್ವಾರಕೆಯ ಹಡಗಿನ ಗೋಪೀಚಂದನದ ಗಡ್ಡೆಯಲ್ಲಿ ಕೃಷ್ಣನ ಮೂರ್ತಿ ಸಿಕ್ಕಿತು ಅಂತ ಹೇಳುವ ಕಥೆ ನಡೆಯೋದೂ ಇದೇ ಕಡಲಲ್ಲಿ.

ಬಂದರಿನಲ್ಲಿ ಯಾರ ಜೊತೆ ಐದು ನಿಮಿಷ ಮಾತಾಡಿದರೂ ಒಂದು ಹೆಸರು ಬಂದೇ ಬರುತ್ತೆ: 'ಸುವರ್ಣ ತ್ರಿಭುಜ'. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ಬೋಟು. ಎರಡು ದಿನ ಕಳೆದ ಮೇಲೆ ಸಂಪರ್ಕ ಕಡಿದುಹೋಯಿತು. ಅದರಲ್ಲಿದ್ದವರು ಏಳು ಮಂದಿ, ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಯವರು. ತಿಂಗಳುಗಟ್ಟಲೆ ಹುಡುಕಿದ ಮೇಲೆ 2019ರ ಮೇ ತಿಂಗಳಲ್ಲಿ ನೌಕಾಪಡೆಯ ಐಎನ್ಎಸ್ ನಿರೀಕ್ಷಕ್ ಹಡಗಿಗೆ ಮಹಾರಾಷ್ಟ್ರದ ಮಾಲ್ವಣದ ಆಚೆ ಸಮುದ್ರದ ತಳದಲ್ಲಿ ಬೋಟಿನ ಅವಶೇಷ ಸಿಕ್ಕಿತು. ಜಿಪಿಎಸ್, ವೈರ್‌ಲೆಸ್ ಎಲ್ಲಾ ಇರೋ ಕಾಲದಲ್ಲಿ ನಡೆದದ್ದು ಇದು. ಬೋಟು ಹತ್ತುವ ಮೊದಲು ಇದನ್ನು ಕೇಳಿದ್ದು ಒಳ್ಳೆಯದೇ ಆಯಿತು. ಕಡಲು ಅನ್ನೋದು ಇಲ್ಲಿನವರಿಗೆ ವ್ಯೂ ಪಾಯಿಂಟ್ ಅಲ್ಲ ಅನ್ನೋದು ತಲೆಗೆ ಹೋಯಿತು.

ನಾಲ್ಕು ದ್ವೀಪ, ಎರಡು ಹೆಸರು

ಬೋಟು ಹತ್ತಿದರೆ ಅರ್ಧ ಗಂಟೆಯೊಳಗೆ ದ್ವೀಪ. ಲೈಫ್ ಜಾಕೆಟ್ ಕೊಡುತ್ತಾರೆ, ಹಾಕಿಕೊಳ್ಳಿ. ಫೋಟೋದಲ್ಲಿ ಚೆನ್ನಾಗಿ ಕಾಣಲ್ಲ ಅಂತ ಬಿಚ್ಚಬೇಡಿ.

ಸೇಂಟ್ ಮೇರೀಸ್ ಅನ್ನೋದು ಒಂದೇ ದ್ವೀಪ ಅಂತ ನಾವು ಅಂದುಕೊಂಡಿದ್ದೆವು. ಅಲ್ಲ, ಮುಖ್ಯವಾದವೇ ನಾಲ್ಕು: ತೆಂಗಿನ ದ್ವೀಪ, ಉತ್ತರ ದ್ವೀಪ, ದಕ್ಷಿಣ ದ್ವೀಪ, ಮತ್ತೆ ದರಿಯಾಬಹಾದೂರ್‌ಗಡ. ಕರಾವಳಿಗೆ ಸಮಾನಾಂತರವಾಗಿ ಉತ್ತರದಿಂದ ದಕ್ಷಿಣಕ್ಕೆ ಸಾಲಾಗಿ ಹರಡಿಕೊಂಡಿವೆ. ಪ್ರವಾಸಿಗರನ್ನು ಇಳಿಸುವುದು ತೆಂಗಿನ ದ್ವೀಪದಲ್ಲಿ. ಉದ್ದ ಸುಮಾರು 500 ಮೀಟರ್, ಅಗಲ 100 ಮೀಟರ್. ನಮ್ಮ ಕ್ಯಾಂಪಸ್ಸಿಗಿಂತ ಚಿಕ್ಕದು. ಯಾರೂ ವಾಸವಿಲ್ಲ. ದರಿಯಾಬಹಾದೂರ್‌ಗಡದಲ್ಲಿ ಬಿದನೂರಿನ ಬಸಪ್ಪ ನಾಯಕ ಕಟ್ಟಿಸಿದ ಎನ್ನುವ ಕೋಟೆಯಿತ್ತು. ಮಲೆನಾಡಿನ ಕೆಳದಿ ಅರಸರಿಗೆ ಕಡಲ ನಡುವೆ ಕೋಟೆ ಯಾಕೆ? ಘಟ್ಟದ ಮೆಣಸು, ಅಕ್ಕಿ ಹಡಗು ಹತ್ತುತ್ತಿದ್ದದ್ದು ಈ ಕರಾವಳಿಯ ಬಂದರುಗಳಲ್ಲಿ. ಬಂದರು ಕಾಯಬೇಕಾದವರಿಗೆ ದ್ವೀಪವೂ ಬೇಕಿತ್ತು.

'ಸೇಂಟ್ ಮೇರಿ' ಅನ್ನೋ ಹೆಸರು ಪೋರ್ಚುಗೀಸರದು. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಶಿಲುಬೆಯ ಕಂಬ ನೆಟ್ಟು ಮೇರಿಮಾತೆಯ ಹೆಸರಿಟ್ಟ ಅನ್ನೋದು ರೂಢಿಯಲ್ಲಿರುವ ಮಾತು. ಅವನು ಬರೋದಕ್ಕೆ ಮುಂಚೆ ಈ ಕಲ್ಲುಗಳಿಗೆ ಹೆಸರೇ ಇರಲಿಲ್ಲವೇ? ಬೋಟಿನವರನ್ನು ಕೇಳಿದೆವು. "ನಾವು ತೋನ್ಸೆಪಾರ್ ಹೇಳುದು ಮಾರಾಯ್ರೆ. ಸೇಂಟ್ ಮೇರಿ ಎಲ್ಲ ಟಿಕೆಟಿನಲ್ಲಿ" ಅಂದರು. ತೋನ್ಸೆ ಅಂದ್ರೆ ದಡದ ಮೇಲಿನ ಊರು. ತುಳುವಿನಲ್ಲಿ ಪಾರೆ ಅಂದ್ರೆ ಬಂಡೆ. ಕನ್ನಡ ಸಂಘದವರಾದ ನಾವು ಅವತ್ತಿನಿಂದ ತೋನ್ಸೆಪಾರ್ ಅಂತಲೇ ಹೇಳುತ್ತಿದ್ದೇವೆ.

ಕಂಬಗಳು ಹೇಗಾದವು?

ದ್ವೀಪದಲ್ಲಿ ಇಳಿದ ಕೂಡಲೇ ಕಾಣೋದು ಚಿಪ್ಪು. ಮರಳಿನ ಜಾಗದಲ್ಲಿ ಪೂರಾ ಕಪ್ಪೆಚಿಪ್ಪಿನ ಪುಡಿ. ಆಮೇಲೆ ಕಂಬಗಳು. ಯಾರೋ ಶಿಲ್ಪಿ ಕಡೆದು, ಪಕ್ಕಪಕ್ಕ ಜೋಡಿಸಿ, ಅರ್ಧಕ್ಕೆ ಬಿಟ್ಟು ಹೋದ ಹಾಗೆ. ಮೇಲಿಂದ ನೋಡಿದರೆ ಐದು ಮೂಲೆ, ಆರು ಮೂಲೆ, ಒಂದೊಂದು ಏಳು ಮೂಲೆ. ಕೆಲವು ಮನುಷ್ಯನಿಗಿಂತ ಎತ್ತರ.

ನಮ್ಮಲ್ಲಿ ಮೆಕ್ಯಾನಿಕಲ್ ಓದುವವನು ಅಲ್ಲೇ ಕುಳಿತು ವಿವರಿಸಲು ಶುರು ಮಾಡಿದ. ಸರಳವಾಗಿ ಹೇಳೋದಾದ್ರೆ ಹೀಗೆ.

ಕರಗಿದ ಲಾವಾ ಹರಿದು ಬಂದು ನಿಲ್ಲುತ್ತೆ. ಮೇಲಿನ ಮತ್ತು ತಳದ ಮೈಯಿಂದ ಶಾಖ ಹೊರಹೋಗುತ್ತೆ. ಗಟ್ಟಿಯಾದ ಕಲ್ಲು ತಣ್ಣಗಾಗುತ್ತಾ ಕುಗ್ಗಬೇಕು, ಆದರೆ ಪಕ್ಕದ ಕಲ್ಲು ಬಿಡೋದಿಲ್ಲ, ಅದೂ ಕುಗ್ಗಲು ಎಳೆಯುತ್ತಿರುತ್ತೆ. ಹೀಗೆ ಎಳೆತ ಹೆಚ್ಚಾಗಿ, ಕಲ್ಲಿನ ತಡೆಯುವ ಶಕ್ತಿ ಮೀರಿದಾಗ ಬಿರುಕು. ಬತ್ತಿದ ಕೆರೆಯ ಕೆಸರು ಬಿರಿಯುವುದೂ ಇದೇ ಲೆಕ್ಕದಲ್ಲಿ. ಅಲ್ಲಿ ನೀರು ಹೋಗಿ ಕುಗ್ಗುತ್ತೆ, ಇಲ್ಲಿ ಶಾಖ ಹೋಗಿ ಕುಗ್ಗುತ್ತೆ.

ಆರು ಮೂಲೆ ಯಾಕೆ? ಸಂದಿ ಬಿಡದ ಹಾಗೆ ನೆಲಕ್ಕೆ ಹಾಸಬಹುದಾದ ಸಮಬಾಹು ಆಕಾರಗಳು ಮೂರೇ: ತ್ರಿಕೋನ, ಚೌಕ, ಷಟ್ಕೋನ. ಒಂದೇ ವಿಸ್ತೀರ್ಣಕ್ಕೆ ಈ ಮೂರರಲ್ಲಿ ಸುತ್ತಳತೆ ಕಡಿಮೆ ಇರೋದು ಷಟ್ಕೋನಕ್ಕೆ. ಸುತ್ತಳತೆ ಕಡಿಮೆ ಅಂದ್ರೆ ಸೀಳಬೇಕಾದ ಬಿರುಕಿನ ಉದ್ದ ಕಡಿಮೆ. ಅಂದ್ರೆ ಖರ್ಚಾಗುವ ಶಕ್ತಿ ಕಡಿಮೆ. ಮೊದಮೊದಲ ಬಿರುಕುಗಳು ಒಂದಕ್ಕೊಂದು ನೇರ ಕೋನದಲ್ಲಿ ಸೇರುತ್ತವೆ. ತಣಿಯುವಿಕೆ ಒಳಗೊಳಗೆ ಇಳಿದಂತೆ ಬಿರುಕೂ ಇಳಿಯುತ್ತಾ, ತನ್ನನ್ನೇ ತಿದ್ದಿಕೊಳ್ಳುತ್ತಾ 120 ಡಿಗ್ರಿಗೆ ಹತ್ತಿರ ಬರುತ್ತೆ. ಪ್ರಕೃತಿ ಡ್ರಾಯಿಂಗ್ ಶೀಟ್ ಮೇಲೆ ಗೆರೆ ಎಳೆದು ಕೂತಿಲ್ಲವಾದ್ದರಿಂದ ಐದು, ಏಳು ಮೂಲೆಗಳೂ ಆಗುತ್ತವೆ. ಬಿರುಕು ಯಾವಾಗಲೂ ಶಾಖ ಹೊರಹೋಗುವ ದಿಕ್ಕಿಗೇ ಸಾಗೋದರಿಂದ ಕಂಬಗಳು ನೆಟ್ಟಗೆ ನಿಂತಿವೆ. ನಿಧಾನವಾಗಿ ತಣಿದರೆ ದಪ್ಪ ಕಂಬ, ಬೇಗ ತಣಿದರೆ ಸಪೂರ ಕಂಬ. ಉತ್ತರ ಐರ್ಲೆಂಡಿನ ಜೈಂಟ್ಸ್ ಕಾಸ್‌ವೇ ಪ್ರಪಂಚಕ್ಕೆಲ್ಲ ಗೊತ್ತಿರೋದು ಇಂಥದ್ದೇ ಕಂಬಗಳಿಗೆ.

ಒಂದು ವ್ಯತ್ಯಾಸ ಇದೆ. ಜೈಂಟ್ಸ್ ಕಾಸ್‌ವೇಯದು ಬಸಾಲ್ಟ್. ತೋನ್ಸೆಪಾರಿನದನ್ನೂ ಎಲ್ಲರೂ ಬಸಾಲ್ಟ್ ಅಂತಲೇ ಹೇಳಿಬಿಡುತ್ತಾರೆ. ಆದರೆ ಇದರಲ್ಲಿ ಸಿಲಿಕಾ ಅಂಶ ಬಸಾಲ್ಟಿಗಿಂತ ಜಾಸ್ತಿ. ಭೂವಿಜ್ಞಾನಿಗಳು ಇದನ್ನು ಡೇಸೈಟ್, ರಯೋಲೈಟ್ ಗುಂಪಿಗೆ ಸೇರಿಸುತ್ತಾರೆ. ಸಿಲಿಕಾ ಹೆಚ್ಚಿದಷ್ಟೂ ಲಾವಾ ಮಂದ. ಬಸಾಲ್ಟ್ ಲಾವಾ ಹರಳೆಣ್ಣೆಯಾದರೆ ಇದು ಬೆಲ್ಲದ ಪಾಕ.

ಮಡಗಾಸ್ಕರ್ ಲೆಕ್ಕ

ಈ ಲಾವಾ ಇಲ್ಲಿಗೆ ಬಂದದ್ದು ಎಲ್ಲಿಂದ? ಮಹಾರಾಷ್ಟ್ರ, ಉತ್ತರ ಕರ್ನಾಟಕದಲ್ಲಿ ಹರಡಿರುವ ದಖನ್ ಲಾವಾ ಅಂತ ಊಹಿಸಿದರೆ ತಪ್ಪು. ಅದರ ವಯಸ್ಸು ಸುಮಾರು 6.6 ಕೋಟಿ ವರ್ಷ. ತೋನ್ಸೆಪಾರಿನ ಕಲ್ಲಿಗೆ ಸುಮಾರು 8.5ರಿಂದ 9 ಕೋಟಿ ವರ್ಷ. ಆಗ ಪಶ್ಚಿಮ ಕರಾವಳಿಯ ಆಚೆ ಅರಬ್ಬೀ ಸಮುದ್ರ ಇರಲಿಲ್ಲ, ಮಡಗಾಸ್ಕರ್ ಇತ್ತು. ಎರಡೂ ಒಂದೇ ನೆಲ. ಆ ನೆಲ ಸೀಳಿ ಬೇರೆಯಾಗುವಾಗ ಉಕ್ಕಿದ ಬೆಂಕಿಯ ಗುರುತು ಈ ಕಂಬಗಳು. ಅದೇ ಕಾಲದ ಜ್ವಾಲಾಮುಖಿ ಶಿಲೆಗಳು ಮಡಗಾಸ್ಕರಿನಲ್ಲೂ ಇವೆ.

ಕ್ಯಾಲ್ಕುಲೇಟರ್ ತೆಗೆಯಿರಿ. ಉಡುಪಿ ಕಡಲಿನಿಂದ ಮಡಗಾಸ್ಕರಿನ ಉತ್ತರ ತುದಿಗೆ ಈಗ ಸುಮಾರು 4,000 ಕಿಲೋಮೀಟರ್. 8.8 ಕೋಟಿ ವರ್ಷದಿಂದ ಭಾಗಿಸಿ. ವರ್ಷಕ್ಕೆ ಸರಾಸರಿ ನಾಲ್ಕೂವರೆ ಸೆಂಟಿಮೀಟರ್. ಹೆಚ್ಚುಕಡಿಮೆ ನಮ್ಮ ಉಗುರು ಬೆಳೆಯುವ ವೇಗ. ಉಗುರಿನ ವೇಗದಲ್ಲಿ ಜಾರಿ ಒಂದು ಸಮುದ್ರವನ್ನೇ ಮಧ್ಯೆ ಬಿಟ್ಟುಕೊಂಡಿವೆ ಎರಡು ನೆಲಗಳು.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಈ ದ್ವೀಪವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿರೋದು ಇದಕ್ಕೇ. ಕರ್ನಾಟಕದಲ್ಲಿ ಅಂಥವು ನಾಲ್ಕಿವೆ. ಒಂದು ನಿಮಗೆ ಗೊತ್ತಿದೆ, ಅದರ ಮೇಲೆ ಕೂತು ಕಡಲೆಕಾಯಿ ತಿಂದಿದ್ದೀರಿ: ಲಾಲ್‌ಬಾಗ್ ಬಂಡೆ.

ಒಂದು ವಿಸಿಲ್

ಇಷ್ಟೆಲ್ಲ ತಿಳಿದುಕೊಂಡು ಬುದ್ಧಿವಂತರಾಗಿದ್ದ ನಾವು ಮಾಡಿದ ದಡ್ಡತನವನ್ನೂ ಹೇಳಬೇಕು.

ಪಡುವಣ ಬದಿಯಲ್ಲಿ, ಅಲೆ ಬಡಿಯುವ ಕಡೆ, ಕೆಳಗಿನ ಸಾಲಿನ ಕಂಬಗಳ ಮೇಲೆ ನಿಂತರೆ ಫೋಟೋ ಚೆನ್ನಾಗಿ ಬರುತ್ತೆ. ನಮ್ಮಲ್ಲೊಬ್ಬ ಇಳಿದ. ಐದು ನಿಮಿಷ ನೋಡಿದ್ದೆವು, ಅಲೆ ಅಲ್ಲಿಗೆ ಬರುತ್ತಿರಲಿಲ್ಲ. ಕಾವಲಿನವರು ವಿಸಿಲ್ ಊದಿದರು. "ಒಂದ್ನಿಮಿಷ ಅಣ್ಣಾ" ಅಂದೆವು. ಆ ಒಂದು ನಿಮಿಷದೊಳಗೆ ಬಂದ ಅಲೆ ಅವನನ್ನು ಸೊಂಟದವರೆಗೆ ನೆನೆಸಿ, ಕಾಲು ಜಾರಿಸಿ, ಕೂರಿಸಿತು. ಮೇಲಿದ್ದವನು ಅಂಗಿ ಹಿಡಿದು ಎಳೆದ. ಹೋದದ್ದು ಒಂದು ಚಪ್ಪಲಿ, ಅಷ್ಟೇ. ಮೊಣಕಾಲು ಚಿಪ್ಪಿಗೆ ತರಚಿ ರಕ್ತ ಬಂದಿತ್ತು.

ಕಾವಲಿನವರು ಬೈಯಲಿಲ್ಲ. ಇದೇ ದ್ವೀಪದಲ್ಲಿ 2022ರ ಏಪ್ರಿಲ್‌ನಲ್ಲಿ ಕೇರಳದಿಂದ ಟೂರ್ ಬಂದಿದ್ದ ಮೂವರು ಇಂಜಿನಿಯರಿಂಗ್ ವಿದ್ಯಾರ್ಥಿಗಳು ನೀರುಪಾಲಾದದ್ದನ್ನು ಹೇಳಿದರು. "ನಿಮ್ಮ ಪ್ರಾಯದವರೇ" ಅಂದರು. ಆಮೇಲೆ ಸುಮಾರು ಹೊತ್ತು ನಮ್ಮಲ್ಲಿ ಯಾರೂ ಫೋನ್ ಹೊರಗೆ ತೆಗೆಯಲಿಲ್ಲ.

ಐದು ನಿಮಿಷ ನೋಡಿದ್ದು ಯಾಕೆ ಸಾಲಲಿಲ್ಲ? ಮೊದಲ ವರ್ಷದ ಫಿಸಿಕ್ಸಿನಲ್ಲಿ ಬೀಟ್ಸ್ ಓದಿದ್ದೇವಲ್ಲ, ಅದೇ. ದೂರದ ಬೇರೆಬೇರೆ ಗಾಳಿಗಳಿಂದ ಹುಟ್ಟಿದ, ಆವರ್ತ ಸ್ವಲ್ಪ ಬೇರೆಯಿರುವ ಅಲೆಗಳು ಒಂದರ ಮೇಲೊಂದು ಸೇರುತ್ತವೆ. ಕೆಲವೊಮ್ಮೆ ಒಂದನ್ನೊಂದು ತಗ್ಗಿಸಿ ಸಣ್ಣಗಾಗುತ್ತವೆ, ಕೆಲವೊಮ್ಮೆ ಕೂಡಿಕೊಂಡು ದೊಡ್ಡದಾಗುತ್ತವೆ. ಹಾಗಾಗಿ ದೊಡ್ಡ ಅಲೆಗಳು ಗುಂಪಾಗಿ ಬರುತ್ತವೆ, ಮಧ್ಯೆ ಕಡಲು ಸಾಧುವಾಗಿ ಕಾಣುತ್ತೆ. ಅದರ ಜೊತೆಗೆ ಬಂಡೆಗಳ ನಡುವಿನ ಸಂದಿ. ಅಲೆ ತಂದು ಸುರಿದ ನೀರೆಲ್ಲ ವಾಪಸ್ ಹೋಗೋದು ಆ ಸಂದಿಗಳಲ್ಲೇ, ರಭಸವಾಗಿ. ಬೀಚಿನ ಹಾಗೆ ನಿಧಾನಕ್ಕೆ ಆಳವಾಗುವ ಜಾಗ ಅಲ್ಲ ಇದು, ಬಂಡೆ ದಾಟಿದರೆ ಕಾಲಿಗೆ ನೆಲ ಸಿಗಲಿಕ್ಕಿಲ್ಲ.

ಬೋಟಿನವರಿಗೆ ಬೀಟ್ಸ್ ಗೊತ್ತಿಲ್ಲದಿರಬಹುದು. ಆದರೆ ವಾಪಸ್ ಬರುವಾಗ ಅವರು ಹೇಳಿದ ಸೂತ್ರ ನಮ್ಮ ವಿವರಣೆಗಿಂತ ಚಿಕ್ಕದು, ಅದಕ್ಕಿಂತ ಉಪಯೋಗದ್ದು: "ಕಲ್ಲು ಒಣಗಿ ಬೆಳ್ಳಗೆ ಉಂಟಾ, ಕಾಲಿಡಿ. ಒದ್ದೆ ಉಂಟು, ಕಪ್ಪು ಉಂಟು, ಪಾಚಿ ಉಂಟು ಅಂದ್ರೆ ಅಲ್ಲಿಗೆ ಕಡಲು ಬರ್ತದೆ ಅಂತ ಅರ್ಥ. ಈಗ ಇಲ್ಲದಿದ್ರೆ ಮತ್ತೆ ಬರ್ತದೆ." ಕನಕಪುರದ ಗೆಳೆಯನಿಗೆ ತಕ್ಷಣ ಸಂಗಮ, ಮೇಕೆದಾಟು ನೆನಪಾಯಿತು. ಅಲ್ಲೂ ಊರಿನವರು ಹೇಳ್ತಾರೆ, ಹೊಳೆ ಮೇಲೆ ಶಾಂತವಾಗಿರುತ್ತೆ, ಸುಳಿ ಕೆಳಗಿರುತ್ತೆ, ಇಳೀಬೇಡಿ ಅಂತ. ಅಲ್ಲೂ ಹೊರಗಿನಿಂದ ಬಂದವರು ಕೇಳೋದಿಲ್ಲ.

ಒಂದು ಕಡೆ ಹೊಳೆ, ಒಂದು ಕಡೆ ಕಡಲು

ಮಧ್ಯಾಹ್ನ ಊಟ ಮುಗಿಸಿ ಉತ್ತರಕ್ಕೆ ಕೋಡಿಬೆಂಗ್ರೆಗೆ ಹೋದೆವು. ಮಲ್ಪೆ ನೋಡಿದವರಲ್ಲಿ ಅರ್ಧ ಜನ ಇಲ್ಲಿಗೆ ಬರೋದಿಲ್ಲ. ಬರಲೇಬೇಕು. ಕೆಮ್ಮಣ್ಣು, ಹೂಡೆ ದಾಟಿದ ಮೇಲೆ ರಸ್ತೆಯ ಎಡಕ್ಕೆ ಕಡಲು, ಬಲಕ್ಕೆ ಹೊಳೆ, ಮಧ್ಯೆ ತೆಂಗಿನ ಮರ ಮತ್ತು ಮನೆ ಇರುವ ಒಂದು ಪಟ್ಟಿ ನೆಲ. ಅದರ ತುದಿಯಲ್ಲಿ ಸುವರ್ಣಾ, ಸೀತಾ ನದಿಗಳು ಒಟ್ಟಿಗೆ ಕಡಲು ಸೇರುತ್ತವೆ. ಆಚೆ ದಡದಲ್ಲಿ ಹಂಗಾರಕಟ್ಟೆ. ಹೊಳೆಯ ನಡುವೆ ಚಿಕ್ಕಚಿಕ್ಕ ದ್ವೀಪಗಳು. ಇಲ್ಲಿ ಅವನ್ನು ಕುದ್ರು ಅನ್ನುತ್ತಾರೆ. ಕೆಲವು ಕುದ್ರುಗಳಲ್ಲಿ ಮನೆಗಳಿವೆ, ತೋಟಗಳಿವೆ. ಕೆಮ್ಮಣ್ಣಿನ ತಿಮ್ಮಣ್ಣ ಕುದ್ರುವಿಗೆ ನಡೆದು ದಾಟೋ ತೂಗುಸೇತುವೆ ಇದೆ.

ಭಾಷೆಯೂ ಇಲ್ಲಿ ತಿರುಗುತ್ತೆ. ದಕ್ಷಿಣಕ್ಕೆ ತುಳು, ಹೊಳೆ ದಾಟಿ ಉತ್ತರಕ್ಕೆ ಹೋದಂತೆ ಕುಂದಾಪ್ರ ಕನ್ನಡ. "ಎಂತ ಮಾರಾಯ್ರೆ" ಅನ್ನೋದು "ಹ್ವಾಯ್, ಎಂತ ಮರ್ರೆ" ಆಗುತ್ತೆ.

ಕುಡಿಯಲು ನೀರು ಕೇಳಿದ ಮನೆಯ ಅಕ್ಕ ಬಾವಿಯಿಂದಲೇ ಸೇದಿ ಕೊಟ್ಟರು. ಎರಡೂ ಕಡೆ ಉಪ್ಪು ನೀರು, ಮಧ್ಯದ ಬಾವಿಯಲ್ಲಿ ಸಿಹಿ! ನಮ್ಮ ಸಿವಿಲ್‌ನವಳ ಮುಖ ಅರಳಿತು. ಮಳೆ ನೀರು ಮರಳಿನೊಳಗೆ ಇಳಿದು, ಉಪ್ಪು ನೀರಿನ ಮೇಲೆ ತೇಲುತ್ತಾ ನಿಂತಿರುತ್ತೆ. ಸಿಹಿ ನೀರಿನ ಸಾಂದ್ರತೆ 1.000, ಕಡಲ ನೀರಿನದು ಸುಮಾರು 1.025. ಲೆಕ್ಕ ಹಾಕಿದರೆ, ಸಮುದ್ರಮಟ್ಟಕ್ಕಿಂತ ಸಿಹಿ ನೀರು ಒಂದು ಮೀಟರ್ ಮೇಲಿದ್ದರೆ ಕೆಳಗೆ 40 ಮೀಟರ್ ಆಳದವರೆಗೂ ಅದು ತುಂಬಿರಬಹುದು. ಗೈಬೆನ್-ಹರ್ಜ್‌ಬರ್ಗ್ ನಿಯಮ ಅಂತಾರೆ. ಕೇಳಲು ಖುಷಿ. ಆದರೆ ಇದೇ ಲೆಕ್ಕವನ್ನು ತಿರುಗಿಸಿ ನೋಡಿ: ಪಂಪು ಹಾಕಿ ನೀರಿನ ಮಟ್ಟವನ್ನು ಒಂದು ಮೀಟರ್ ಇಳಿಸಿದರೆ, ಕೆಳಗಿನ ಉಪ್ಪು ನೀರು ಕಾಲಕ್ರಮದಲ್ಲಿ 40 ಮೀಟರ್ ಮೇಲೇರಬಹುದು. "ಮೋಟರು ಹಾಕಿದ ಬಾವಿಯೇ ಬೇಸಿಗೆಗೆ ಮೊದಲು ಉಪ್ಪಾಗುದು" ಅಂದರು ಅಕ್ಕ. ಹಗ್ಗ, ಕೊಡಪಾನ ಬಿಡದೆ ಇರೋದಕ್ಕೆ ಕಾರಣ ಬಡತನ ಅಂತ ಅಂದುಕೊಂಡಿದ್ದ ನಮಗೆ ನಾಚಿಕೆಯಾಯಿತು. ಅದು ಇಂಜಿನಿಯರಿಂಗ್.

ಕಡಲ ಬದಿಗೆ ಅಲ್ಲಲ್ಲಿ ದೊಡ್ಡ ಬಂಡೆಗಲ್ಲು ಸುರಿದು ತಡೆಗೋಡೆ ಹಾಕಿದ್ದಾರೆ. ಮಳೆಗಾಲದ ಕಡಲ್ಕೊರೆತಕ್ಕೆ ಮನೆ, ರಸ್ತೆ ಉಳಿಯಬೇಕಲ್ಲ. ಆದರೆ ನಾಡದೋಣಿಯವರಿಗೆ, ದಡದಲ್ಲಿ ನಿಂತು ಹತ್ತಾರು ಜನ ಎಳೆಯುವ ಕೈರಂಪಣಿ ಬಲೆಯವರಿಗೆ ಬೇಕಾದದ್ದು ಮರಳಿನ ಇಳಿಜಾರು. ಕಲ್ಲು ಬಿದ್ದ ಕಡೆ ದೋಣಿ ಎಳೆದು ತರಲು ಜಾಗವಿಲ್ಲ. ಮನೆ ಉಳಿಸಿಕೊಂಡರೆ ಕಸುಬು ಹೋಗುತ್ತೆ, ಕಸುಬು ಉಳಿಸಿಕೊಂಡರೆ ಮನೆ ಹೋಗುತ್ತೆ. ಇಂಥ ಪ್ರಶ್ನೆಗೆ ನಮ್ಮ ಸಿಲಬಸ್ಸಿನಲ್ಲಿ ಒಂದೇ ಸಾಲಿನ ಉತ್ತರ ಇಲ್ಲ. ಉತ್ತರ ಹುಡುಕಲು ಹೊರಟವರು ಮೊದಲು ಬಲೆ ಎಳೆಯುವವರನ್ನು ಕೇಳಬೇಕು ಅನ್ನೋದಂತೂ ಅವತ್ತು ಗೊತ್ತಾಯಿತು.

ಅಜ್ಜಿಯ ಪ್ರಶ್ನೆಗೆ ಉತ್ತರ

ಕಾಲೇಜು ಶುರುವಾದ ಮೇಲೆ ಭೂವಿಜ್ಞಾನ ಪಾಠ ಮಾಡುವ ಮೇಷ್ಟ್ರಿಗೆ ದ್ವೀಪದ ಫೋಟೋ ತೋರಿಸಿದೆವು. ಮಾತಿಗೆ ಮಾತು ಬಂದು, ಹೊರಟದ್ದು ಕಬ್ಬಾಳಿನಿಂದ ಅಂದಾಗ ಅವರು ಫೋನ್ ವಾಪಸ್ ಕೊಟ್ಟು ಕೇಳಿದರು: "ಕಬ್ಬಾಳು ಬಿಟ್ಟು ಮಲ್ಪೆಗೆ ಕಲ್ಲು ನೋಡಕ್ಕೆ ಹೋಗಿದ್ರಾ?" ಅಜ್ಜಿಯದೇ ಪ್ರಶ್ನೆ!

ಆಮೇಲೆ ಅವರು ಹೇಳಿದ್ದು ಇದು. 1960ರಲ್ಲಿ ಸಿ. ಎಸ್. ಪಿಚಮುತ್ತು ಎಂಬ ನಮ್ಮ ಮೈಸೂರಿನ ಭೂವಿಜ್ಞಾನಿ 'ನೇಚರ್' ಪತ್ರಿಕೆಯಲ್ಲಿ ಒಂದು ಪುಟ್ಟ ಲೇಖನ ಬರೆದರು. ವಿಷಯ, ಕಬ್ಬಾಳದ ಕಲ್ಲು. ಅಲ್ಲಿನ ಕ್ವಾರಿಯಲ್ಲಿ ಒಂದೇ ಬಂಡೆಯ ಮೈಮೇಲೆ ಎರಡು ಶಿಲೆ ಕಾಣುತ್ತವೆ. ಒಂದು ಬೂದುಬಣ್ಣದ, ಪಟ್ಟೆಪಟ್ಟೆಯ ನೈಸ್ ಶಿಲೆ (ನೈಸ್ ರೋಡಿಗೂ ಇದಕ್ಕೂ ಸಂಬಂಧವಿಲ್ಲ). ಅದರ ನಡುನಡುವೆ ಎಣ್ಣೆ ಸವರಿದಂತೆ ಕಪ್ಪು ಹಸಿರಾದ ತೇಪೆಗಳು, ಅವು ಚಾರ್ನೊಕೈಟ್. ಈ ಹೆಸರು ಕಲ್ಕತ್ತೆಯ ಜಾಬ್ ಚಾರ್ನಕ್‌ನ ಸಮಾಧಿಗಲ್ಲಿನಿಂದ ಬಂದದ್ದು, 1893ರಲ್ಲಿ ಹಾಲೆಂಡ್ ಎಂಬ ಭೂವಿಜ್ಞಾನಿ ಇಟ್ಟದ್ದು. ಚಾರ್ನೊಕೈಟ್ ಹೇಗೆ ಹುಟ್ಟುತ್ತೆ ಅನ್ನೋದು ದೊಡ್ಡ ಜಗಳದ ವಿಷಯವಾಗಿತ್ತು. ಕಬ್ಬಾಳಿನಲ್ಲಿ ನೈಸ್ ಚಾರ್ನೊಕೈಟ್ ಆಗುತ್ತಾ ಆಗುತ್ತಾ ಅರ್ಧಕ್ಕೆ ನಿಂತುಹೋಗಿದೆ. ಅಡುಗೆಯ ಮಧ್ಯೆ ಮುಚ್ಚಳ ತೆಗೆದು ನೋಡಿದ ಹಾಗೆ.

1979ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಎ. ಎಸ್. ಜನಾರ್ದನ್ ಮತ್ತು ಅಮೆರಿಕದ ಸಹೋದ್ಯೋಗಿಗಳು ಅದೇ ಕಲ್ಲಿನ ಬಗ್ಗೆ ಮತ್ತೆ 'ನೇಚರ್'ನಲ್ಲಿ ಬರೆದರು. ಸುಮಾರು 250 ಕೋಟಿ ವರ್ಷಗಳ ಹಿಂದೆ, ಭೂಮಿಯ ಹದಿನೈದು ಇಪ್ಪತ್ತು ಕಿಲೋಮೀಟರ್ ಆಳದಲ್ಲಿ, ಕಲ್ಲಿನ ಬಿರುಕುಗಳ ಮೂಲಕ ಇಂಗಾಲದ ಡೈಆಕ್ಸೈಡ್ ತುಂಬಿದ ದ್ರವ ನುಗ್ಗಿ, ಖನಿಜಗಳೊಳಗಿನ ನೀರನ್ನು ಓಡಿಸಿ, ಕಲ್ಲಿನ ಗುಣವನ್ನೇ ಬದಲಿಸಿತು ಅಂತ. ತೋನ್ಸೆಪಾರಿನಲ್ಲಿ ಬಿರುಕು ಕಂಬ ಮಾಡಿತು, ಕಬ್ಬಾಳಿನಲ್ಲಿ ಬಿರುಕು ಬೇರೆ ಕಲ್ಲನ್ನೇ ಮಾಡಿತು.

ಕಾಲದ ಅಂದಾಜಿಗೆ ಒಂದು ಲೆಕ್ಕ. ಕಬ್ಬಾಳಿನ ಕಲ್ಲು ಬದಲಾದ ದಿನವನ್ನು ಜನವರಿ 1 ಅಂತಲೂ, ಇವತ್ತನ್ನು ಡಿಸೆಂಬರ್ 31ರ ನಡುರಾತ್ರಿ ಅಂತಲೂ ಇಟ್ಟುಕೊಳ್ಳಿ. ತೋನ್ಸೆಪಾರಿನ ಲಾವಾ ಉಕ್ಕಿದ್ದು ಡಿಸೆಂಬರ್ 19ಕ್ಕೆ. 20,000 ವರ್ಷದ ಹಿಂದಿನ ಹಿಮಯುಗದಲ್ಲಿ ಕಡಲು ಈಗಿಗಿಂತ ಸುಮಾರು 120 ಮೀಟರ್ ಕೆಳಗಿದ್ದು, ನಮ್ಮ ದ್ವೀಪಗಳೆಲ್ಲ ಒಣನೆಲದ ಗುಡ್ಡಗಳಾಗಿದ್ದದ್ದು ಕೊನೆಯ ನಾಲ್ಕು ನಿಮಿಷದ ಮಾತು. ವಾಸ್ಕೋ ಡ ಗಾಮ ಬಂದು ಏಳು ಸೆಕೆಂಡೂ ಆಗಿಲ್ಲ.

ಮುಂದಿನ ಭಾನುವಾರ ನಾವು ಮತ್ತೆ ಕಬ್ಬಾಳಿನಲ್ಲಿದ್ದೆವು. ಕ್ವಾರಿಯ ಗೋಡೆಯಲ್ಲಿ ಆ ಕಪ್ಪು ಹಸಿರು ತೇಪೆಗಳನ್ನು ನೋಡಿದೆವು. ಗೆಳೆಯ ಚಿಕ್ಕಂದಿನಿಂದ ಆಡಿದ ಜಾಗ ಅದು. ನಾವು ಹೋದ ದಿನ ಅಲ್ಲಿ ಒಂದು ಬೋರ್ಡೂ ಕಾಣಲಿಲ್ಲ. ಕರ್ನಾಟಕದ ಆ ನಾಲ್ಕು ಸ್ಮಾರಕಗಳ ಪಟ್ಟಿಯಲ್ಲೂ ಕಬ್ಬಾಳಿನ ಹೆಸರಿಲ್ಲ. ಕ್ವಾರಿಯಿಂದಲೇ ಆ ಕಲ್ಲು ಬೆಳಕಿಗೆ ಬಂತು ಅನ್ನೋದು ನಿಜ. ಕಡಿಯುತ್ತಾ ಹೋದರೆ ಅದು ಜಲ್ಲಿಯಾಗಿಯೋ ಚಪ್ಪಡಿಯಾಗಿಯೋ ಲಾರಿ ಹತ್ತಿ ಹೋಗುತ್ತೆ ಅನ್ನೋದೂ ಅಷ್ಟೇ ನಿಜ. ದ್ವೀಪದ ಕಂಬ ಮುರಿದರೆ ವಿಸಿಲ್ ಊದಲು ಜನ ಇದ್ದಾರೆ. ಇಲ್ಲಿಗೆ ಯಾರು?

ಅಜ್ಜಿಗೆ ಹೋಗಿ ಹೇಳಿದೆವು: "ಅಜ್ಜೀ, ನಿಮ್ಮ ಕಲ್ಲೇ ದೊಡ್ಡದು. ಅದು ಹುಟ್ಟಿ ಇನ್ನೂರೈವತ್ತು ಕೋಟಿ ವರ್ಷ ಆಯ್ತಂತೆ. ಪ್ರಪಂಚದ ಪುಸ್ತಕದಲ್ಲೆಲ್ಲ ಕಬ್ಬಾಳು ಅಂತ ಬರೆದವ್ರೆ."

"ನಾನು ಆವತ್ತೇ ಹೇಳ್ನಿಲ್ವಾ" ಅಂದರು ಅಜ್ಜಿ. ಮುದ್ದೆ ಬಡಿಸಿದರು.

ಹೋಗುವವರಿಗೆ ನಾಲ್ಕು ಮಾತು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದ್ವೀಪಕ್ಕೆ ಬೋಟು ಇರೋದಿಲ್ಲ, ನಂಬಿಕೊಂಡು ಹೋಗಬೇಡಿ. ಡಿಸೆಂಬರ್, ಜನವರಿ ಒಳ್ಳೆಯದು. ಟೋಪಿ, ನೀರು ಇರಲಿ. ಗಟ್ಟಿ ಹಿಡಿತದ ಶೂ ಹಾಕಿ, ಚಪ್ಪಲಿ ಬೇಡ. ಖಾಲಿ ಬಾಟಲಿ ನಿಮ್ಮ ಜೊತೆಗೇ ವಾಪಸ್ ಬರಲಿ. ಕಲ್ಲಿನ ತುಂಡು, ಚಿಪ್ಪು ಜೇಬಿಗೆ ಹಾಕಬೇಡಿ. ಕಲ್ಲಿನ ಬಣ್ಣ ನೋಡಿ ಕಾಲಿಡಿ, ವಿಸಿಲ್ ಕೇಳಿದರೆ ಒಂದು ನಿಮಿಷವನ್ನೂ ಕೇಳಬೇಡಿ. ಕೋಡಿಬೆಂಗ್ರೆಯಲ್ಲಿ ಯಾರದಾದರೂ ಬಾವಿ ನೀರು ಕುಡಿದರೆ ಅದು ಎಷ್ಟು ದೊಡ್ಡ ಉಡುಗೊರೆ ಅನ್ನೋದು ನೆನಪಿರಲಿ.

ಹೊರಡುವ ಮುಂಚೆ ನಿಮ್ಮೂರಿನ ಕಲ್ಲನ್ನೂ ಒಮ್ಮೆ ನೋಡಿಕೊಳ್ಳಿ. ಮುಂದಿನ ಸೆಮಿಸ್ಟರ್‌ನಲ್ಲಿ ನಮ್ಮ ಸಂಘದಿಂದ ಕಬ್ಬಾಳಿಗೆ ಒಂದು ದಿನದ ನಡಿಗೆ ಇಟ್ಟುಕೊಳ್ಳೋಣ, ಪಂಚಾಯಿತಿಯವರನ್ನು ಕಂಡು ಆ ಕಲ್ಲಿನ ಪಕ್ಕ ಕನ್ನಡದಲ್ಲಿ ಒಂದು ಬೋರ್ಡ್ ಹಾಕಿಸಲು ಕೇಳೋಣ ಅಂತ ಮಾತಾಡಿಕೊಂಡಿದ್ದೇವೆ. ಬೋರ್ಡಿನ ಮೇಲೆ ಏನು ಬರೀಬೇಕು ಅನ್ನೋದಕ್ಕೆ ಹತ್ತು ಸಾಲಿನ ಕರಡು ರೆಡಿ ಇದೆ. ತಿದ್ದಲು ಬರುವವರಿಗೆ ಸ್ವಾಗತ. ಊಟ ಅಜ್ಜಿಯ ಮನೆಯಲ್ಲಿ.